ಹೊಟ್ಟೆ ಕೆಟ್ಟು ಜ್ವರ ಬಂದಾಗ ಯಾವುದು ಮೊದಲು, ಯಾವುದು ಆಮೇಲೆ: ಸಮಗ್ರ ಮಾರ್ಗದರ್ಶಿ

ಮೊದಲೇ ಹೇಳಿಬಿಡುತ್ತೇನೆ. ಬರೀ ಅಜೀರ್ಣದಿಂದ ಜ್ವರ ಬರುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಹುಳಿ ತೇಗು ಬರುತ್ತದೆ, ಎದೆ ಉರಿಯುತ್ತದೆ, ಒಮ್ಮೊಮ್ಮೆ ವಾಂತಿಯೂ ಆಗುತ್ತದೆ. ಆದರೆ ಮೈ ಕಾಯುವುದಿಲ್ಲ. ಹೊಟ್ಟೆ ಕೆಟ್ಟದ್ದೂ ಜ್ವರವೂ ಒಟ್ಟಿಗೆ ಬಂದಿವೆ ಅಂದರೆ ಹೆಚ್ಚಿನ ಸಲ ಎರಡಕ್ಕೂ ಕಾರಣವಾದ ಮೂರನೆಯದೊಂದು ಒಳಗಿರುತ್ತದೆ, ಸಾಮಾನ್ಯವಾಗಿ ಯಾವುದೋ ಸೋಂಕು.

ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವ ನನಗೆ ಎಳ್ಳ ಅಮಾವಾಸ್ಯೆ, ಜಾತ್ರೆ, ಮದುವೆ ಸೀಸನ್ ಮುಗಿದರೆ ಸಾಕು, ದಿನಾ ಕಿವಿಗೆ ಬೀಳುವ ಮಾತು ಒಂದೇ: "ಅಣ್ಣಾರ, ಉಂಡಿದ್ದು ಅರಗಿಲ್ರಿ, ಅದಕ್ಕೇ ಜ್ವರ ಬಂದದ, ಒಂದು ಗುಳಿಗಿ ಕೊಡ್ರಿ." ಎಷ್ಟು ಸಲ ಬಿಡಿಸಿ ಹೇಳಿದರೂ ಜನ ಎಡವುವುದು ಅದೇ ಜಾಗದಲ್ಲಿ. ಮೊದಲು ಗುಳಿಗೆ, ಆಮೇಲೆ ಸೂಜಿ, ಆಮೇಲೆ ಉಪವಾಸ, ಎಲ್ಲಕ್ಕೂ ಕೊನೆಗೆ ನೀರು. ಜ್ವರ ಅಳೆಯುವವರಂತೂ ಇಲ್ಲವೇ ಇಲ್ಲ ಅನ್ನಬೇಕು. ಮಾಡಬೇಕಾದದ್ದು ಹೆಚ್ಚುಕಮ್ಮಿ ಇದರ ಉಲ್ಟಾ. ಅದಕ್ಕೇ ಹಂತ ಹಂತವಾಗಿ ಬರೆದಿದ್ದೇನೆ. ಇದೇ ಸಾಲಿನಲ್ಲಿ ಮಾಡಿ, ನಡುವೆ ಒಂದನ್ನೂ ಹಾರಿಸಬೇಡಿ.

ಶುರು ಮಾಡುವ ಮುಂಚೆ: ಮನೆಯಲ್ಲಿ ಏನೇನು ಇರಬೇಕು

ಒಂದು ಡಿಜಿಟಲ್ ಥರ್ಮಾಮೀಟರ್. ಒಂದು ಲೀಟರ್ ನೀರಿಗೆ ಅಂತ ಬರೆದಿರುವ ಓಆರ್‌ಎಸ್ ಪುಡಿಯ ನಾಲ್ಕು ಪ್ಯಾಕೆಟ್. ಒಂದು ಲೀಟರಿನ ಖಾಲಿ ಬಾಟಲಿ, ಇದು ಅಳತೆಗೆ. ಪ್ಯಾರಾಸಿಟಮಾಲ್ ಗುಳಿಗೆ. ಮಕ್ಕಳಿದ್ದರೆ ಡಾಕ್ಟರ್ ಬರೆದುಕೊಟ್ಟ ಸಿರಪ್ ಮತ್ತು ಅದರ ಜೊತೆ ಬರುವ ಅಳತೆಯ ಮುಚ್ಚಳ. ಒಂದು ಹಾಳೆ, ಒಂದು ಪೆನ್ನು. ಇಷ್ಟೇ ಸಾಕು.

ಓಆರ್‌ಎಸ್ ಕೊಳ್ಳುವಾಗ ಒಂದು ಎಚ್ಚರ. ರಟ್ಟಿನ ಡಬ್ಬಿಯಲ್ಲಿ ಸ್ಟ್ರಾ ಹಾಕಿ ಕುಡಿಯುವ ಬಣ್ಣಬಣ್ಣದ ಸಿಹಿ ಪಾನೀಯವೆಲ್ಲ ಓಆರ್‌ಎಸ್ ಅಲ್ಲ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಭೇದಿ ಆಗುವಾಗ ಅಷ್ಟು ಸಕ್ಕರೆ ಕುಡಿಸಿದರೆ ಭೇದಿ ಇನ್ನೂ ಹೆಚ್ಚಾಗಬಹುದು. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲೂ ಆಶಾ ಕಾರ್ಯಕರ್ತೆಯರ ಹತ್ತಿರವೂ ಇದೇ ಪುಡಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಹಂತ 1: ಮೊದಲು ಅಳೆಯಿರಿ

ಹಣೆ ಮುಟ್ಟಿ "ಮೈ ಸುಡ್ತಿದೆ" ಅನ್ನುವುದು ಅಳತೆ ಅಲ್ಲ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಯಾರ ಹಣೆ ಮುಟ್ಟಿದರೂ ಬಿಸಿಯೇ ಇರುತ್ತದೆ, ಅಲ್ವಾ?

ಬಿಸಿಲಿನಿಂದ ಬಂದಿದ್ದರೆ, ಚಹಾ ಕುಡಿದಿದ್ದರೆ, ಸ್ನಾನ ಮಾಡಿದ್ದರೆ ಅರ್ಧ ಗಂಟೆ ತಡೆಯಿರಿ. ದೊಡ್ಡವರಿಗೆ ನಾಲಿಗೆ ಕೆಳಗೆ ಇಟ್ಟು ಬಾಯಿ ಮುಚ್ಚಿಸಿ. ಐದು ವರ್ಷದ ಒಳಗಿನ ಮಕ್ಕಳಿಗೆ ಕಂಕುಳಲ್ಲಿ ಇಡಿ. ಕಂಕುಳಲ್ಲಿ ಇಡುವಾಗ ಮೊದಲು ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗಿರಲಿ, ನಡುವೆ ಅಂಗಿ ಬಟ್ಟೆ ಸಿಕ್ಕಿರಬಾರದು. ತೋಳನ್ನು ಎದೆಗೆ ಒತ್ತಿ ಹಿಡಿಯಿರಿ. ಬೀಪ್ ಅನ್ನುವವರೆಗೂ ತೆಗೆಯಬೇಡಿ. ಎಷ್ಟೋ ಮಂದಿ ನಂಬರ್ ಕಾಣಿಸಿದ ತಕ್ಷಣ ಹೊರಗೆ ಎಳೆದು ನೋಡುತ್ತಾರೆ, ಅದು ಇನ್ನೂ ಏರುತ್ತಲೇ ಇರುತ್ತದೆ.

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಕಂಕುಳಿನ ಅಳತೆ ಬಾಯಿಯದ್ದಕ್ಕಿಂತ ಸುಮಾರು ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ, ಅದನ್ನು ನೆನಪಿಡಿ. ಸಂಜೆ ಹೊತ್ತಿಗೆ ಆರೋಗ್ಯವಂತರ ಮೈಯೂ ಸ್ವಲ್ಪ ಬೆಚ್ಚಗಿರುತ್ತದೆ, 99 ತೋರಿಸಿತು ಅಂತ ಗಾಬರಿ ಬೇಡ.

ಹಾಳೆಯ ಮೇಲೆ ದಿನ, ಹೊತ್ತು, ಡಿಗ್ರಿ ಬರೆಯಿರಿ. ಎಚ್ಚರ ಇರುವಾಗ ನಾಲ್ಕರಿಂದ ಆರು ಗಂಟೆಗೊಮ್ಮೆ ಸಾಕು. ಈ ಹಾಳೆ ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ.

ಜ್ವರ ಇಲ್ಲ, ಹೊಟ್ಟೆ ಉಬ್ಬರ ಮತ್ತು ತೇಗು ಮಾತ್ರ ಇದೆ ಅಂದರೆ ಒಂದು ಹೊತ್ತು ಹಗುರ ಊಟ ಮಾಡಿ. ಅಜವಾನದ ಬಿಸಿ ನೀರು, ಮಜ್ಜಿಗೆ, ನಾಲ್ಕು ಹೆಜ್ಜೆ ಓಡಾಟ, ಇಷ್ಟರಲ್ಲಿ ಸರಿಹೋಗುತ್ತದೆ. ಆದರೆ ನಡುವಯಸ್ಸು ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ "ಗ್ಯಾಸ್" ಜೊತೆ ತಣ್ಣನೆ ಬೆವರು, ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು ಬಂದರೆ ಅದು ಹೃದಯದ ತೊಂದರೆ ಇರಬಹುದು. ಅಲ್ಲಿ ಸೋಡಾ ಕುಡಿಸುತ್ತಾ ಕೂಡಬೇಡಿ, ಹೊರಡಿ.

ಹಂತ 2: ಕಾಯಬಾರದ ಲಕ್ಷಣ ಇದೆಯಾ ನೋಡಿ

ಜ್ವರ ಇದೆ ಅಂತ ಖಾತ್ರಿ ಆದ ಮೇಲೆ, ಗುಳಿಗೆಗೂ ಮುಂಚೆ, ಈ ಪರೀಕ್ಷೆ. ಐದು ನಿಮಿಷದ ಕೆಲಸ.

ಹೊಟ್ಟೆ ನೋವು ಎಲ್ಲಿದೆ ಕೇಳಿ. ಒಂದು ಬೆರಳಿನಿಂದ ತೋರಿಸಲು ಹೇಳಿ. ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಯಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು ನಿಂತಿದ್ದರೆ, ಕೆಮ್ಮಿದರೆ, ನಡೆದರೆ ಚುಚ್ಚಿದಂತಾದರೆ ಅಪೆಂಡಿಕ್ಸ್ ಬಾತಿರಬಹುದು. ಇದರಲ್ಲಿ ಮೊದಮೊದಲು ಜ್ವರ ಕಡಿಮೆಯೇ ಇರುತ್ತದೆ, ಹಸಿವು ಸತ್ತಿರುತ್ತದೆ, ವಾಂತಿ ಇರುತ್ತದೆ, ನೋಡಿದರೆ ಥೇಟ್ ಅಜೀರ್ಣವೇ. "ಹೊಟ್ಟೆ ಸ್ವಚ್ಛ ಆಗಲಿ" ಅಂತ ಔಡಲೆಣ್ಣೆ ಕುಡಿಸುವುದು ಇಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ, ಬಾತ ಅಪೆಂಡಿಕ್ಸ್ ಒಳಗೇ ಒಡೆಯುವ ಅಪಾಯ ಇರುತ್ತದೆ. ನೋವು ಬಲ ಪಕ್ಕೆಯ ಕೆಳಗಿದ್ದು ಬೆನ್ನಿಗೆ ಅಥವಾ ಬಲ ಹೆಗಲಿಗೆ ಹೊಡೆದು, ಚಳಿ ಜ್ವರ ಇದ್ದರೆ ಪಿತ್ತಕೋಶದ ಸೋಂಕು ಇರಬಹುದು.

ಇವು ಕಂಡರೂ ಅದೇ ಹೊತ್ತಿಗೆ ಆಸ್ಪತ್ರೆ: ಮಲದಲ್ಲಿ ರಕ್ತ ಅಥವಾ ಡಾಂಬರಿನಷ್ಟು ಕಪ್ಪು ಮಲ, ನಿಲ್ಲದ ವಾಂತಿ, ಹಸಿರು ಅಥವಾ ರಕ್ತ ಬೆರೆತ ವಾಂತಿ, ಕಲ್ಲಿನಂತೆ ಬಿಗಿದ ಹೊಟ್ಟೆ, ಕಣ್ಣು ಹಳದಿ, ವಸಡಿನಲ್ಲಿ ರಕ್ತ, ಕುತ್ತಿಗೆ ಬಿಗಿತ, ಫಿಟ್ಸ್, ಮಾತು ತಡವರಿಸುವುದು, ಎಬ್ಬಿಸಿದರೂ ಏಳದ ಮಂಪರು. ಮೂರು ತಿಂಗಳ ಒಳಗಿನ ಕೂಸಿಗೆ 100.4 ಬಂದರೆ ಬೇರೆ ಯಾವ ಲಕ್ಷಣಕ್ಕೂ ಕಾಯಬೇಡಿ. ಗರ್ಭಿಣಿಯರಿಗೂ ಅಷ್ಟೇ. ವಯಸ್ಸಾದವರ ವಿಷಯದಲ್ಲಿ ಇನ್ನೊಂದು ತೊಡಕು ಇದೆ, ಸೋಂಕು ಜೋರಿದ್ದರೂ ಅವರಿಗೆ ಜ್ವರ ಅಷ್ಟಾಗಿ ಏರದೇ ಇರಬಹುದು. ಅಜ್ಜ ಇದ್ದಕ್ಕಿದ್ದಂತೆ ಗೊಂದಲದಲ್ಲಿ ಮಾತಾಡಿದರೆ ಡಿಗ್ರಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಬೇಸಿಗೆಯಲ್ಲಿ ಬಿಸಿಲಿನ ಹೊಡೆತ ಅಂತ ಒಂದಿದೆ, ಇದನ್ನು ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಯವರು ಬಾಯಿಪಾಠ ಮಾಡಬೇಕು. ಹೊಲದಲ್ಲಿ, ಶಹಾಬಾದ್ ಕಡೆಯ ಕಲ್ಲು ಗಣಿಯಲ್ಲಿ, ಕಟ್ಟಡದ ಮೇಲೆ ದುಡಿದು ಬಂದವರಿಗೆ ವಾಕರಿಕೆ, ತಲೆನೋವು, 104 ಡಿಗ್ರಿ, ಜೊತೆಗೆ ಗೊಂದಲ ಇದ್ದರೆ ಅದು ಅಜೀರ್ಣವೂ ಅಲ್ಲ, ಸೋಂಕಿನ ಜ್ವರವೂ ಅಲ್ಲ. ಇದಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. 108ಕ್ಕೆ ಫೋನ್ ಮಾಡಿ, ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಹಾಕಿ, ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಯಲ್ಲಿ ಇಡಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ದೊಡ್ಡಾಸ್ಪತ್ರೆ ಅಂದರೆ ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಊರು ದೂರ ಇದ್ದರೆ ತಾಲೂಕು ಆಸ್ಪತ್ರೆಗೆ ಮೊದಲು ಹೋಗಿ, ಅಲ್ಲಿಂದ ಅವರೇ ಕಳಿಸುತ್ತಾರೆ.

ಹಂತ 3: ನೀರು ಕೊಡಿ, ಅಳತೆಯಲ್ಲಿ ಕೊಡಿ

ಅಪಾಯದ ಲಕ್ಷಣ ಇಲ್ಲ ಅಂದರೆ ಈಗ ನೀರು. ಗುಳಿಗೆ ಇನ್ನೂ ಇಲ್ಲ.

ಜ್ವರದಲ್ಲಿ ಬೆವರು ಮತ್ತು ಉಸಿರಿನ ಮೂಲಕ ನೀರು ಹೋಗುತ್ತದೆ, ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಉಪ್ಪು ವಾಪಸ್ ಬರುವುದಿಲ್ಲ. ಕರುಳಿನಲ್ಲಿ ಉಪ್ಪೂ ಸಕ್ಕರೆಯೂ ಜೊತೆಯಾಗಿ ಹೋದಾಗ ನೀರು ಚೆನ್ನಾಗಿ ಒಳಗೆ ಎಳೆದುಕೊಳ್ಳುತ್ತದೆ. ಓಆರ್‌ಎಸ್ ಕೆಲಸ ಮಾಡುವುದೇ ಹೀಗೆ, ಅದಕ್ಕೇ ಅಳತೆ ತಪ್ಪಬಾರದು.

ಅತಿ ಹೆಚ್ಚು ಜನ ತಪ್ಪುವುದು ಇಲ್ಲಿ. ಒಂದು ಲೀಟರಿನ ಪುಡಿಯನ್ನು ಸ್ವಲ್ಪ ಸ್ವಲ್ಪ ಚಮಚದಲ್ಲಿ ತೆಗೆದು ಸ್ಟೀಲ್ ಲೋಟಕ್ಕೆ ಹಾಕುತ್ತಾರೆ, ಉಳಿದದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿಯಲ್ಲಿ ಇಡುತ್ತಾರೆ. ಪುಡಿಯಲ್ಲಿ ಉಪ್ಪು ಒಂದು ಕಡೆ, ಸಕ್ಕರೆ ಒಂದು ಕಡೆ ಕೂತಿರುತ್ತದೆ, ಚಮಚಕ್ಕೆ ಏನು ಬಂತೋ ಯಾರಿಗೆ ಗೊತ್ತು. ಕೆಲವರು ಇಡೀ ಪ್ಯಾಕೆಟನ್ನು ಒಂದೇ ಲೋಟಕ್ಕೆ ಸುರಿಯುತ್ತಾರೆ, ಇದು ಮಕ್ಕಳಿಗೆ ನಿಜಕ್ಕೂ ಅಪಾಯ, ರಕ್ತದಲ್ಲಿ ಉಪ್ಪು ಏರುತ್ತದೆ. ಸರಿಯಾದ ಕ್ರಮ ಇದು: ಕೈ ತೊಳೆಯಿರಿ. ಕುದಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ಒಂದು ಲೀಟರ್ ಅಳೆಯಿರಿ. ಇಡೀ ಪ್ಯಾಕೆಟ್ ಸುರಿಯಿರಿ, ಕರಗುವವರೆಗೆ ಅಲ್ಲಾಡಿಸಿ. ಸಕ್ಕರೆ, ನಿಂಬೆ, ಗ್ಲೂಕೋಸ್ ಯಾವುದನ್ನೂ ಮೇಲೆ ಸೇರಿಸಬೇಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. 200 ಮಿಲಿಯ ಸಣ್ಣ ಪ್ಯಾಕೆಟ್ಟೂ ಬರುತ್ತದೆ, ಅದನ್ನು ಒಂದು ಲೀಟರಿಗೆ ಹಾಕಿದರೆ ಪ್ರಯೋಜನ ಇಲ್ಲ. ಮೇಲಿರುವುದನ್ನು ಓದಿ ಕಲಸಿ.

ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡ ಮಾಡಬೇಡಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ.

ಎಷ್ಟು ಕೊಡಬೇಕು? ಪ್ರತಿ ಸಲ ತೆಳ್ಳಗೆ ಭೇದಿ ಆದ ಮೇಲೆ ಎರಡು ವರ್ಷದ ಒಳಗಿನ ಮಗುವಿಗೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕಾದಷ್ಟು. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ ಸತುವಿನ ಗುಳಿಗೆಯನ್ನೂ ಕೊಡುತ್ತಾರೆ. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಗ್ರಾಂ, ಅದಕ್ಕಿಂತ ಸಣ್ಣವರಿಗೆ 10, ಒಟ್ಟು 10ರಿಂದ 14 ದಿನ. ಭೇದಿ ನಿಂತಿತು ಅಂತ ನಡುವೆ ಬಿಡಬೇಡಿ.

"ಕುಡಿಸಿದ್ದೆಲ್ಲ ವಾಂತಿ ಮಾಡ್ತಾನ್ರಿ" ಅನ್ನುವವರಿಗೆ: ಲೋಟ ಎತ್ತಿ ಕುಡಿಸಬೇಡಿ. ವಾಂತಿ ಆದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಚಮಚ ತೆಗೆದುಕೊಳ್ಳಿ. ಒಂದು ಚಮಚ ಕೊಡಿ, ಒಂದೆರಡು ನಿಮಿಷ ಕಾಯಿರಿ, ಇನ್ನೊಂದು ಚಮಚ. ಮಗು ಬೇಡ ಅಂತ ಮುಖ ತಿರುಗಿಸುತ್ತದೆ, ಅಳುತ್ತದೆ, ತುಟಿಯ ಪಕ್ಕದಿಂದ ಅರ್ಧ ಹೊರಗೆ ಹರಿಯುತ್ತದೆ, ಪರವಾಗಿಲ್ಲ, ಬೇಸರ ಮಾಡಿಕೊಳ್ಳದೆ ಕೊಡುತ್ತಾ ಇರಿ. ಒಮ್ಮೆಗೇ ಲೋಟ ನೀರು ಬಿದ್ದರೆ ಹೊಟ್ಟೆ ಹಿಗ್ಗಿ ವಾಂತಿ ಆಗುತ್ತದೆ, ಚಮಚದ ಲೆಕ್ಕದಲ್ಲಿ ಹೋದರೆ ಹೆಚ್ಚಿನದು ಒಳಗೆ ಉಳಿಯುತ್ತದೆ.

ಸಾಕಾಗುತ್ತಿದೆಯಾ ಅಂತ ಮೂತ್ರ ನೋಡಿ ತಿಳಿಯಿರಿ. ಆರರಿಂದ ಎಂಟು ಗಂಟೆ ಮೂತ್ರವೇ ಆಗಿಲ್ಲ, ಬಾಯಿ ಒಣಗಿದೆ, ಕಣ್ಣು ಗುಳಿ ಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಕೆಳಗೆ ಇಳಿಯುತ್ತಿದೆ ಅಂದರೆ ಮನೆಯ ಕೆಲಸ ಮುಗಿಯಿತು, ಸಲಾಯಿನ್ ಬೇಕು. ಇದಾವುದೂ ಇಲ್ಲದೆ ಚೆನ್ನಾಗಿ ಕುಡಿಯುತ್ತಿರುವವರಿಗೆ "ಶಕ್ತಿ ಬರಲಿ" ಅಂತ ಸಲಾಯಿನ್ ಹಚ್ಚಿಸುವ ಅಗತ್ಯ ಇಲ್ಲ.

ಹಂತ 4: ಯಾವುದು ಮೊದಲು ಬಂತು, ಎಷ್ಟು ಹೊತ್ತಿಗೆ ಬಂತು

ಈಗ ಹಾಳೆ ತೆಗೆದು ಮೂರು ಸಂಗತಿ ಬರೆಯಿರಿ. ಮೊದಲು ಹೊಟ್ಟೆ ಕೆಟ್ಟಿತೋ, ಜ್ವರ ಬಂತೋ? ಏನು ತಿಂದು ಎಷ್ಟು ಗಂಟೆ ಆಗಿತ್ತು? ಜೊತೆಗೆ ಉಂಡ ಬೇರೆಯವರಿಗೂ ಆಗಿದೆಯಾ?

ಊಟ ಆಗಿ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ನಾಲ್ಕಾರು ಮಂದಿಗೆ ಒಟ್ಟಿಗೆ ವಾಂತಿ ಶುರುವಾದರೆ ಹೆಚ್ಚಾಗಿ ಊಟದಲ್ಲಿ ರೋಗಾಣು ಬಿಟ್ಟ ವಿಷ ಮೊದಲೇ ಸೇರಿತ್ತು ಅಂತ ಅರ್ಥ, ಇದರಲ್ಲಿ ಜ್ವರ ಇರುವುದು ಕಡಿಮೆ, ಹೆಚ್ಚಾಗಿ ಒಂದು ದಿನದಲ್ಲಿ ತಗ್ಗುತ್ತದೆ. ಆರು ಗಂಟೆ ಕಳೆದು, ಅಥವಾ ಒಂದೆರಡು ದಿನ ಬಿಟ್ಟು ಭೇದಿ, ಹೊಟ್ಟೆ ಮುರಿತ, ಜ್ವರ ಬಂದರೆ ರೋಗಾಣು ಕರುಳಿಗೆ ಇಳಿದಿರುವ ಸಾಧ್ಯತೆ ಜಾಸ್ತಿ.

ಟೈಫಾಯಿಡ್ ಲೆಕ್ಕ ಬೇರೆ. ಅದರ ರೋಗಾಣು ಒಳಗೆ ಹೋಗಿ ಜ್ವರ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಹಾಗಾಗಿ ನಿನ್ನೆ ತಿಂದ ಬಜ್ಜಿಯನ್ನು ಬಯ್ಯುವುದು ತಪ್ಪು. ಎರಡು ವಾರದ ಹಿಂದೆ ಟ್ಯಾಂಕರ್ ನೀರು ಕುದಿಸದೆ ಕುಡಿದಿದ್ದು ಯಾರಿಗೂ ನೆನಪೇ ಇರುವುದಿಲ್ಲ. ಟೈಫಾಯಿಡ್ ಜ್ವರ ಮೊದಲ ವಾರ ದಿನದಿಂದ ದಿನಕ್ಕೆ ಏರುತ್ತದೆ, ತಲೆನೋವು, ನಾಲಿಗೆ ಬೆಳ್ಳಗೆ, ಹಸಿವು ಇಲ್ಲ, ಮತ್ತೆ ಎಲ್ಲರಿಗೂ ಭೇದಿಯೇ ಆಗಬೇಕು ಅಂತಿಲ್ಲ, ದೊಡ್ಡವರಿಗೆ ಎಷ್ಟೋ ಸಲ ಮಲಬದ್ಧತೆ ಇರುತ್ತದೆ. ಅದನ್ನು ನೋಡಿಯೇ ಜನ "ಅಜೀರ್ಣ" ಅಂತ ವಾರ ಕಳೆಯುತ್ತಾರೆ. ಕಾಮಾಲೆ ತರುವ ಹೆಪಟೈಟಿಸ್ ಎ ಕೂಡ ಹೀಗೇ, ಮೊದಲು ಜ್ವರ, ವಾಕರಿಕೆ, ಊಟದ ವಾಸನೆಯೇ ಬೇಡ ಅನ್ನಿಸುವುದು, ಕೆಲವು ದಿನ ಬಿಟ್ಟು ಕಣ್ಣು ಮತ್ತು ಮೂತ್ರ ಹಳದಿ.

ಜ್ವರವೇ ಮೊದಲು ಬಂದು ಆಮೇಲೆ ಊಟ ಅರಗದಂತೆ ಆಗಿದ್ದರೆ ಅದಕ್ಕೂ ಕಾರಣ ಇದೆ. ಮೈ ಸೋಂಕಿನ ವಿರುದ್ಧ ಹೋರಾಡುವಾಗ ಹಸಿವು ತಾನಾಗಿ ಇಳಿಯುತ್ತದೆ, ಹೊಟ್ಟೆ ಖಾಲಿ ಆಗುವುದೂ ನಿಧಾನ. ಅಂದರೆ ಅಜೀರ್ಣದಿಂದ ಜ್ವರ ಬಂದಿದ್ದಲ್ಲ, ಜ್ವರದಿಂದ ಅಜೀರ್ಣ ಆಗಿದ್ದು. ಡೆಂಗಿ, ಮಲೇರಿಯಾ, ಮೂತ್ರದ ಸೋಂಕು, ಮಕ್ಕಳಲ್ಲಿ ಗಂಟಲು ಸೋಂಕು, ಇವೆಲ್ಲದರಲ್ಲೂ ವಾಂತಿ ಇರಬಹುದು. ಡೆಂಗಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೇ ಅಪಾಯ ಶುರುವಾಗುತ್ತದೆ. ಜ್ವರ ಇಳಿದಿದೆ, ಆದರೆ ಹೊಟ್ಟೆ ನೋವು ಜೋರು, ವಾಂತಿ ನಿಲ್ಲುತ್ತಿಲ್ಲ, ಕೈಕಾಲು ತಣ್ಣಗೆ ಅಂದರೆ ಗುಣ ಆಯಿತು ಅಂದುಕೊಳ್ಳಬೇಡಿ, ಓಡಿ.

ಹಂತ 5: ಈಗ ಗುಳಿಗೆ, ಒಂದೇ ಗುಳಿಗೆ

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ದೊಡ್ಡವರಿಗೆ 500 ಅಥವಾ 650 ಮಿಗ್ರಾಂ, ಎರಡು ಗುಳಿಗೆ ನಡುವೆ ಆರು ಗಂಟೆ ಬಿಡಿ. ಮಕ್ಕಳಿಗೆ ತೂಕದ ಮೇಲೆ, ಒಂದು ಕಿಲೋಗೆ 10ರಿಂದ 15 ಮಿಗ್ರಾಂ. ವಯಸ್ಸು ನೋಡಿ ಅಂದಾಜಿಗೆ ಹಾಕಬೇಡಿ, ಸಿರಪ್ ಬಾಟಲಿಗಳಲ್ಲಿ ಗಾಢತೆ ಬೇರೆ ಬೇರೆ ಇರುತ್ತದೆ. ನೆಗಡಿ ಗುಳಿಗೆ, ಮೈಕೈ ನೋವಿನ ಗುಳಿಗೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಎರಡನ್ನೂ ನುಂಗಿದರೆ ಡಬಲ್ ಆಗುತ್ತದೆ, ಪೆಟ್ಟು ಬೀಳುವುದು ಲಿವರ್‌ಗೆ. ಕುಡಿಯುವ ಚಟ ಇರುವವರು, ಲಿವರ್ ತೊಂದರೆ ಇರುವವರು ಕೇಳದೆ ತಗೊಳ್ಳಬೇಡಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ. ಹೊಟ್ಟೆಯ ಒಳಪದರ ಕೆರಳಿಸುತ್ತವೆ, ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಊರಲ್ಲಿ ಜ್ವರಕ್ಕೆ ಅಂತ ಹಾಕುವ ಸೂಜಿಯಲ್ಲೂ ಎಷ್ಟೋ ಸಲ ಇದೇ ಇರುತ್ತದೆ, ಏನು ಹಾಕುತ್ತೀರಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಭೇದಿ ನಿಲ್ಲಿಸುವ ಲೋಪರಮೈಡ್ ಗುಳಿಗೆ ಜ್ವರ ಇದ್ದಾಗ, ರಕ್ತ ಇದ್ದಾಗ, ಮಕ್ಕಳಿಗೆ ಬೇಡವೇ ಬೇಡ. ಆಂಟಿಬಯೋಟಿಕ್ ಕೂಡ ನಿಮ್ಮಷ್ಟಕ್ಕೆ ಶುರು ಮಾಡಬೇಡಿ. ಹೋದ ವರ್ಷ ಉಳಿದ ನಾಲ್ಕು ಗುಳಿಗೆ ನುಂಗಿ ಬಂದವರಿಗೆ ರಕ್ತ ಪರೀಕ್ಷೆ ಮಾಡಿದರೆ ರೋಗಾಣು ಸಿಗದೇ ಹೋಗಬಹುದು, ಕಾಯಿಲೆ ಮಾತ್ರ ಒಳಗೇ ಇರುತ್ತದೆ.

ಬೆವರು ಬರಲಿ ಅಂತ ಕೌದಿ ಹೊದಿಸಿ ಬಾಗಿಲು ಹಾಕುವುದನ್ನು ಬಿಟ್ಟುಬಿಡಿ. ತೆಳು ಬಟ್ಟೆ ಹಾಕಿ, ಕಿಟಕಿ ತೆಗೆಯಿರಿ. ಚಳಿ ನಡುಕ ಇದ್ದಷ್ಟು ಹೊತ್ತು ಒಂದು ಚಾದರ ಸಾಕು.

ಹಂತ 6: ಊಟ

ಉಪವಾಸ ಮಾಡಿದರೆ ಜ್ವರ ಇಳಿಯುತ್ತದೆ ಅನ್ನುವವರ ಮನೆಯಲ್ಲಿ ಊಟದ ಜೊತೆ ನೀರನ್ನೂ ನಿಲ್ಲಿಸಿರುತ್ತಾರೆ, ತೊಂದರೆ ಅಲ್ಲಿ. ಹಸಿವಿಲ್ಲದ ದೊಡ್ಡವರು ಒಂದು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ. ಆದರೆ ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ಸುಮಾರು ಶೇ 10ರಷ್ಟು ಏರುತ್ತದೆ. ದಿನಗಟ್ಟಲೆ ಉಪವಾಸ ಹಾಕಿದರೆ ಮಕ್ಕಳು, ಮುದುಕರು ಬೇಗ ಕುಸಿಯುತ್ತಾರೆ.

ಅಕ್ಕಿ ಗಂಜಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಉಪ್ಪು ಹಾಕಿದ ತೆಳು ಮಜ್ಜಿಗೆ, ಖಾರವಿಲ್ಲದ ತೊಗರಿ ಬೇಳೆ ಕಟ್ಟು, ಬಾಳೆಹಣ್ಣು, ಇಡ್ಲಿ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಎಣ್ಣೆಗಾಯಿ, ಮಿರ್ಚಿ ಬಜ್ಜಿ, ಶೇಂಗಾ ಹಿಂಡಿ, ಹೋಳಿಗೆ ಮೇಲೆ ತುಪ್ಪ, ಇವೆಲ್ಲ ಒಂದು ವಾರ ದೂರ ಇರಲಿ, ಕೊಬ್ಬು ಹೊಟ್ಟೆ ಖಾಲಿ ಆಗುವುದನ್ನು ಇನ್ನೂ ತಡಮಾಡುತ್ತದೆ. ರೊಟ್ಟಿ ಇಲ್ಲದೆ ಊಟವೇ ಅಲ್ಲ ಅನ್ನುವವರು ಜ್ವರ ಬಿಟ್ಟ ಮೇಲೆ ಬಿಸಿ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ ನೆನೆಸಿ ತಿನ್ನಿ. ಕಟಕಟಿ ರೊಟ್ಟಿ ಆಮೇಲೆ.

ಸಕ್ಕರೆ ಕಾಯಿಲೆ, ಬಿಪಿ ಗುಳಿಗೆ ತಗೊಳ್ಳುವವರು ಊಟ ಬಿಟ್ಟಿದ್ದರೆ, ವಾಂತಿ ಆಗುತ್ತಿದ್ದರೆ ಅದೇ ದಿನ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ. ಕೆಲವು ಗುಳಿಗೆ ನಿಲ್ಲಿಸಬೇಕಾಗುತ್ತದೆ, ಕೆಲವನ್ನು ನಿಲ್ಲಿಸಲೇಬಾರದು.

ಹಂತ 7: ಮೂರನೇ ದಿನವೂ ಜ್ವರ ಇದ್ದರೆ

ಮೂರನೇ ದಿನಕ್ಕೆ ಜ್ವರ ಬಿಟ್ಟಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಿ. ಕೈಯಲ್ಲಿ ಆ ಹಾಳೆ ಇರಲಿ: ಡಿಗ್ರಿ, ಭೇದಿ ಎಷ್ಟು ಸಲ, ಕೊಟ್ಟ ಗುಳಿಗೆಯ ಹೆಸರು. ಗುಳಿಗೆ ತೆಗೆದ ಖಾಲಿ ಪಟ್ಟಿಯನ್ನೂ ಬಿಸಾಡದೆ ಒಯ್ಯಿರಿ. "ಬಿಳಿ ಗುಳಿಗಿ ಕೊಟ್ಟಾರ್ರಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಟೈಫಾಯಿಡ್ ಅನುಮಾನ ಇದ್ದರೆ ವಿಡಾಲ್ ಅನ್ನುವ ರಕ್ತ ಪರೀಕ್ಷೆ ಒಂದನ್ನೇ ನಂಬಬೇಡಿ. ಮೊದಲ ವಾರದಲ್ಲಿ ಅದು ನೆಗೆಟಿವ್ ಬರಬಹುದು, ಬೇರೆ ಜ್ವರದಲ್ಲೂ, ಹಳೇ ಸೋಂಕಿನಿಂದಲೂ ಪಾಸಿಟಿವ್ ತೋರಿಸಬಹುದು. ಆಂಟಿಬಯೋಟಿಕ್ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬಹುದಾ ಅಂತ ಕೇಳಿ. ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ, ಆದರೆ ಯಾವ ಔಷಧಿ ನಾಟುತ್ತದೆ ಅನ್ನುವುದನ್ನೂ ಅದೇ ಹೇಳುತ್ತದೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದಲ್ಲಿ ಮಾಡಿಸಿದರೆ ಉಪಯೋಗ.

ಟೈಫಾಯಿಡ್ ಅಂತ ಖಾತ್ರಿಯಾಗಿ ಸರಿಯಾದ ಔಷಧಿ ಶುರುವಾದರೂ ಜ್ವರ ಮರುದಿನವೇ ಇಳಿಯುವುದಿಲ್ಲ, ನಾಲ್ಕೈದು ದಿನ ಬೇಕಾಗುತ್ತದೆ. ಇಲ್ಲಿ ತಾಳ್ಮೆ ಕಳೆದುಕೊಂಡು ಎರಡನೇ ದಿನ ಡಾಕ್ಟರ್ ಬದಲಿಸಿ, ಮೂರನೇ ದಿನ ಮತ್ತೆ ಬದಲಿಸಿ, ಪ್ರತಿ ಸಲ ಹೊಸ ಆಂಟಿಬಯೋಟಿಕ್ ಹಾಕಿಸಿಕೊಳ್ಳುವವರನ್ನು ನೋಡಿದರೆ ಸಂಕಟ ಆಗುತ್ತದೆ. ಜ್ವರ ಇಳಿದ ಮೇಲೂ ಬರೆದಷ್ಟು ದಿನ ಗುಳಿಗೆ ಮುಗಿಸಿ. ಟೈಫಾಯಿಡ್ ಕರುಳಿನಲ್ಲಿ ಮಾಡುವ ಹುಣ್ಣು ಮಾಯಲು ಸಮಯ ಬೇಕು, ಆ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಹೊಟ್ಟೆ ನೋವು ಜೋರಾದರೆ, ಹೊಟ್ಟೆ ಬಿಗಿದರೆ ಕರುಳು ತೂತಾಗಿರಬಹುದು, ರಾತ್ರಿ ಎಷ್ಟು ಹೊತ್ತಾದರೂ ಸರಿ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೇ ನೇರ ಹೋಗಿ.

ಕಾಯಿಲೆ ಬಿದ್ದವರ ಮನೆಯ ಕುಡಿಯುವ ನೀರೆಲ್ಲ ಕುದಿಯಲಿ, ಗುಳ್ಳೆ ಎದ್ದು ಒಂದು ನಿಮಿಷ. ಕಾಯಿಲೆ ಬಿದ್ದವರು ಸಂಪೂರ್ಣ ಗುಣ ಆಗುವವರೆಗೆ ಅಡುಗೆ ಮಾಡುವುದು ಬೇಡ, ರೊಟ್ಟಿ ಬಡಿಯುವುದೂ ಬೇಡ. ಜೊತೆಗೆ ಉಂಡ, ಅದೇ ನೀರು ಕುಡಿದ ಉಳಿದವರ ಮೇಲೂ ಮೂರು ವಾರ ಕಣ್ಣಿಡಿ. ಅವರಲ್ಲಿ ಯಾರಾದರೂ "ಯಾಕೋ ಊಟ ಸೇರುತ್ತಿಲ್ಲ" ಅಂದರೆ ಮೊದಲು ಥರ್ಮಾಮೀಟರ್ ಕೊಡಿ.